ಕೈಸಾಲಕ್ಕೆ ಪ್ರೋನೋಟು: ಬರೆಯುವುದರಿಂದ ಹರಿಯುವವರೆಗೆ

ನಮ್ಮ ತಂದೆ ಒಬ್ಬ ಸ್ನೇಹಿತರಿಗೆ 40,000 ರೂಪಾಯಿ ಕೈಸಾಲ ಕೊಟ್ಟಿದ್ದರು. ಪ್ರೋನೋಟು ಬರೆಸಿಕೊಂಡಿದ್ದರು. ಸ್ಟಾಂಪ್ ಇತ್ತು, ಇಬ್ಬರು ಸಾಕ್ಷಿಗಳ ರುಜು ಇತ್ತು. ಸ್ನೇಹಿತರು ಆಗಾಗ ಎರಡು ಸಾವಿರ, ಮೂರು ಸಾವಿರ ಅಂತ ಕೊಡುತ್ತಲೂ ಇದ್ದರು. ತಂದೆ ಪ್ರತಿ ಸಲ ನೋಟಿನ ಹಿಂದೆ 'ಈ ದಿನ ರೂ. 2,000 ಬಂತು' ಅಂತ ಮುದ್ದಾದ ಅಕ್ಷರದಲ್ಲಿ ಬರೆದು, ತಾವೇ ರುಜು ಹಾಕಿ, ಮತ್ತೆ ಟ್ರಂಕಿಗೆ ಸೇರಿಸುತ್ತಿದ್ದರು. ಐದನೇ ವರ್ಷ ಹಣ ಬರುವುದು ನಿಂತಿತು. ವಕೀಲರ ಹತ್ತಿರ ಹೋದೆವು. ಅವರು ನೋಟಿನ ಮುಂಭಾಗದಲ್ಲಿ ತಾರೀಖು ಒಂದನ್ನು ನೋಡಿ, ತಕ್ಷಣ ಹಿಂದಕ್ಕೆ ತಿರುಗಿಸಿದರು. "ಇಲ್ಲಿ ಸಾಲಗಾರರ ರುಜು ಎಲ್ಲಿದೆ?" ಅಂದರು.

ಇರಲಿಲ್ಲ. ನೋಟು ಅಷ್ಟು ಹೊತ್ತಿಗೆ ಸತ್ತು ಎರಡು ವರ್ಷವಾಗಿತ್ತು.

ಅಂತರ್ಜಾಲದಲ್ಲಿ ಪ್ರೋನೋಟಿನ ನಮೂನೆ ಬೇಕಾದಷ್ಟು ಸಿಗುತ್ತವೆ. ಎಲ್ಲವೂ ಮುಂಭಾಗದ ಬಗ್ಗೆಯೇ. ಹಿಂಭಾಗದ ಬಗ್ಗೆ ಹೇಳುವವರು ಕಡಿಮೆ. ಇಲ್ಲಿ ಎರಡನ್ನೂ ನೋಡೋಣ, ಕೊಡುವವರ ಕಡೆಯಿಂದಲೂ ಪಡೆಯುವವರ ಕಡೆಯಿಂದಲೂ.

ಮೊದಲು, ಪ್ರೋನೋಟು ಅಂದರೆ ಯಾವುದು, ಯಾವುದಲ್ಲ

ಪ್ರಾಮಿಸರಿ ನೋಟು ಅನ್ನುವುದೇ ಜನರ ಬಾಯಲ್ಲಿ ಪ್ರೋನೋಟು ಆಗಿದೆ. ಕಾನೂನು ಹಳೆಯದು, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್. ಅದರ 4ನೇ ಸೆಕ್ಷನ್ ಕೇಳುವುದು ಇಷ್ಟು: ಬರಹದಲ್ಲಿರಬೇಕು. ಕೊಡುತ್ತೇನೆ ಅನ್ನುವ ಮಾತು ಯಾವ ಷರತ್ತೂ ಇಲ್ಲದೆ ಇರಬೇಕು. ಮೊತ್ತ ಖಚಿತವಾಗಿರಬೇಕು. ಕೊಡುವುದು ಹಣವೇ ಆಗಿರಬೇಕು. ಯಾರಿಗೆ ಅನ್ನುವುದು ಗೊತ್ತಾಗಬೇಕು. ಬರೆದುಕೊಟ್ಟವರ ರುಜು ಇರಬೇಕು.

ಆ ಸೆಕ್ಷನ್ನಿನ ಉದಾಹರಣೆಗಳು ಓದೋಕೆ ಮಜವಾಗಿವೆ. 'ಇಂಥವಳ ಜೊತೆ ನನ್ನ ಮದುವೆಯಾಗಿ ಏಳು ದಿನಕ್ಕೆ 500 ರೂಪಾಯಿ ಕೊಡುತ್ತೇನೆ' ಎಂದರೆ ಪ್ರೋನೋಟಲ್ಲ. ಮದುವೆ ಆಗದೇ ಹೋದರೆ? '500 ರೂಪಾಯಿ ಜೊತೆಗೆ ನನ್ನ ಕಪ್ಪು ಕುದುರೆಯನ್ನೂ ಕೊಡುತ್ತೇನೆ' ಎಂದರೂ ಅಲ್ಲ, ಕುದುರೆ ಹಣವಲ್ಲವಲ್ಲ. ನಮ್ಮ ಕಡೆಗೆ ತಂದು ನೋಡಿ. 'ಅಡಿಕೆ ಮಾರಿದ ಮೇಲೆ ಕೊಡುತ್ತೇನೆ', 'ಸೈಟು ಮಾರಾಟವಾದರೆ ಕೊಡುತ್ತೇನೆ', 'ಒಂದು ಲಕ್ಷ ಮತ್ತು ಐದು ಮೂಟೆ ರಾಗಿ ಕೊಡುತ್ತೇನೆ' ಎಲ್ಲವೂ ಇದೇ ಜಾತಿ. ಬರೆಯುವಾಗ ಇವು ತುಂಬಾ ಸಹಜ ಅನ್ನಿಸುತ್ತವೆ, ಅದಕ್ಕೇ ಜಾಸ್ತಿ ಜನ ಎಡವುವುದು ಇಲ್ಲೇ.

'ನಾನು ಇಂಥವರಿಗೆ 1,000 ರೂಪಾಯಿ ಬಾಕಿ ಇದ್ದೇನೆ' ಎಂದಷ್ಟೇ ಬರೆದರೂ ಸಾಲದು. ಸಾಲ ಇದೆ ಅಂತ ಒಪ್ಪಿಕೊಂಡ ಹಾಗಾಯಿತು. ಕೊಡುತ್ತೇನೆ ಅನ್ನುವ ಮಾತು ಎಲ್ಲಿ ಬಂತು?

ವಾಟ್ಸಾಪಿನಲ್ಲಿ 'ಮುಂದಿನ ತಿಂಗಳು ಗ್ಯಾರಂಟಿ ಕೊಡ್ತೀನಿ ಅಣ್ಣ' ಅಂತ ಬಂದ ಮೆಸೇಜು ಸಾಕ್ಷ್ಯವಾಗಬಹುದು, ಪ್ರೋನೋಟಾಗುವುದಿಲ್ಲ. ಬ್ಯಾಂಕಿನಂತಹ ನಿಯಂತ್ರಿತ ಸಂಸ್ಥೆಗಳ ಹೆಸರಿಗೆ ಡಿಜಿಟಲ್ ಡಿಮ್ಯಾಂಡ್ ಪ್ರೋನೋಟು ಬರೆದುಕೊಡಲು 2022ರಿಂದ ಅವಕಾಶ ಇದೆ. ನಾನು ನೀವು ನಮ್ಮ ನಮ್ಮಲ್ಲಿ ಮಾಡಿಕೊಳ್ಳುವುದು ಕಾಗದದ ಮೇಲೆಯೇ.

ಹಣ ಕೈ ಬದಲಾಗುವ ಮುನ್ನ

20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವಂತಿಲ್ಲ ಅನ್ನುತ್ತದೆ ಆದಾಯ ತೆರಿಗೆ ಕಾನೂನು. ದಂಡ ಆ ಮೊತ್ತದಷ್ಟೇ ಬೀಳಬಹುದು. ಬೀಳುವುದು ಪಡೆದವರ ಮೇಲೆ! ವಾಪಸ್ ಕೊಡುವಾಗಲೂ ಇದೇ ನಿಯಮ. ಇಬ್ಬರಿಗೂ ಕೃಷಿ ಆದಾಯ ಮಾತ್ರ ಇದ್ದು, ತೆರಿಗೆಗೆ ಬರುವ ಬೇರೆ ಆದಾಯ ಇಲ್ಲದಿದ್ದರೆ ಸಾಲ ಪಡೆಯುವಾಗಿನ ನಿಯಮಕ್ಕೆ ವಿನಾಯಿತಿ ಇದೆ. ಏನೇ ಇರಲಿ, ಚೆಕ್ಕೋ ಬ್ಯಾಂಕ್ ಟ್ರಾನ್ಸ್‌ಫರೋ ಆದರೆ ಇನ್ನೊಂದು ಲಾಭ: ಹಣ ಕೊಟ್ಟಿದ್ದೇ ಸುಳ್ಳು ಎಂದು ನಾಳೆ ಯಾರೂ ಹೇಳಲಾಗದು. ರುಜು ಸಾಬೀತಾದರೆ ಹಣ ಸಂದಿದೆ ಎಂದೇ ಕೋರ್ಟ್ ಊಹಿಸಿಕೊಳ್ಳುತ್ತದೆ, ಅದು ಮೊದಲು ಹೇಳಿದ 1881ರ ಆಕ್ಟಿನ 118ನೇ ಸೆಕ್ಷನ್. ಆದರೆ ಅದು ಊಹೆ, ಎದುರಿನವರು ಅದನ್ನು ಅಲ್ಲಾಡಿಸಬಹುದು. ಪಾಸ್‌ಬುಕ್ಕಿನ ಸಾಲನ್ನು ಅಲ್ಲಾಡಿಸುವುದು ಕಷ್ಟ.

ಬಡ್ಡಿಯನ್ನು ಈಗಲೇ ಮಾತಾಡಿ ಮುಗಿಸಿ. ನಮ್ಮಲ್ಲಿ ಬಡ್ಡಿ ಹೇಳುವುದು 'ನೂರಕ್ಕೆ ಒಂದು ರೂಪಾಯಿ', 'ಎರಡು ರೂಪಾಯಿ' ಅಂತ. ತಿಂಗಳಿಗೆ ಒಂದು ರೂಪಾಯಿ ಅಂದರೆ ವರ್ಷಕ್ಕೆ ಶೇಕಡಾ 12, ಎರಡು ಅಂದರೆ 24. ನೋಟಿನಲ್ಲಿ ವರ್ಷದ ಲೆಕ್ಕವನ್ನೇ ಬರೆಯಿರಿ. ಬಡ್ಡಿ ಉಂಟು ಎಂದು ಬರೆದು ದರ ಬಿಟ್ಟರೆ, ಅದೇ ಆಕ್ಟಿನ 80ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ ಶೇಕಡಾ 18 ಲೆಕ್ಕಕ್ಕೆ ಬರುತ್ತದೆ. ಸಾಲಗಾರರಿಗೆ ಇದು ಗೊತ್ತೇ ಇರುವುದಿಲ್ಲ.

ಬಡ್ಡಿ ವ್ಯವಹಾರವನ್ನೇ ಕಸುಬು ಮಾಡಿಕೊಂಡವರ ಮಾತು ಬೇರೆ. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆ ಪ್ರಕಾರ ಅವರಿಗೆ ಲೈಸೆನ್ಸ್ ಬೇಕು. ಅಡಮಾನ ಇದ್ದರೆ ವರ್ಷಕ್ಕೆ ಶೇಕಡಾ 14, ಇಲ್ಲದಿದ್ದರೆ 16, ಅದರ ಮೇಲೆ ಹೋಗುವಂತಿಲ್ಲ. ಲೈಸೆನ್ಸ್ ಇಲ್ಲದೆ ಹತ್ತಾರು ಜನರಿಗೆ ಪ್ರೋನೋಟಿನ ಮೇಲೆ ಸಾಲ ಕೊಟ್ಟವರಿಗೆ ನೋಟು ಎಷ್ಟೇ ಚೆನ್ನಾಗಿದ್ದರೂ ಕೋರ್ಟಿನಲ್ಲಿ ಹಣ ಹುಟ್ಟುವುದು ಕಷ್ಟ. ಮೀಟರ್ ಬಡ್ಡಿಯ ಕಾಟಕ್ಕೆ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆಯೂ ಇದೆ.

ಬರೆಯುವುದು

ಛಾಪಾ ಕಾಗದ ಬೇಕಿಲ್ಲ. ಒಳ್ಳೆಯ ಬಿಳಿ ಹಾಳೆ ಸಾಕು. ರಿಜಿಸ್ಟ್ರಾರ್ ಕಚೇರಿಗೂ ಹೋಗಬೇಕಿಲ್ಲ. ತಿಪಟೂರಿನಲ್ಲಿ ಕೂತು ಎರಡು ಲಕ್ಷದ ನೋಟು ಬರೆಯುತ್ತಿದ್ದೀರಿ ಅಂದುಕೊಳ್ಳಿ:

> ಆನ್ ಡಿಮ್ಯಾಂಡ್ ಪ್ರಾಮಿಸರಿ ನೋಟು
>
> ಸ್ಥಳ: ತಿಪಟೂರು
> ದಿನಾಂಕ: 01-03-2025
> ರೂ. 2,00,000/-
>
> ____ ಇವರ ಮಗ ____, ವಯಸ್ಸು ____, ವಾಸ ____ ಆದ ನಾನು, ____ ಇವರ ಮಗ ____, ವಾಸ ____ ಇವರಿಗೆ ಬರೆದುಕೊಟ್ಟ ಆನ್ ಡಿಮ್ಯಾಂಡ್ ಪ್ರಾಮಿಸರಿ ನೋಟಿನ ಕ್ರಮವೇನೆಂದರೆ:
>
> ನನ್ನ ಮನೆ ಖರ್ಚಿನ ಬಗ್ಗೆ ಈ ದಿನ ತಮ್ಮಿಂದ ರೂ. 2,00,000/- (ಅಕ್ಷರದಲ್ಲಿ ಎರಡು ಲಕ್ಷ ರೂಪಾಯಿ ಮಾತ್ರ) ಬ್ಯಾಂಕ್ ಖಾತೆಯ ಮೂಲಕ ಸಾಲವಾಗಿ ಪಡೆದಿರುತ್ತೇನೆ. ಸದರಿ ಮೊಬಲಗನ್ನು ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿ ಸಮೇತ, ತಾವು ಕೇಳಿದಾಗ, ತಮಗಾಗಲಿ ತಮ್ಮ ಆರ್ಡರ್ ಪಡೆದವರಿಗಾಗಲಿ ಕೊಡುತ್ತೇನೆಂದು ಒಪ್ಪಿ ಬರೆದುಕೊಟ್ಟ ಪ್ರಾಮಿಸರಿ ನೋಟು ಸಹಿ.
>
> (ರೆವಿನ್ಯೂ ಸ್ಟಾಂಪಿನ ಮೇಲೆ ರುಜು)
>
> ಸಾಕ್ಷಿಗಳು: 1. ____  2. ____
> ಬಿಕ್ಕಲಂ: ____

ಬಿಕ್ಕಲಂ ಅಂದರೆ ಬರೆದವರ ಹೆಸರು. ಕೊನೆಯ 'ಸಹಿ' ಅಂದರೆ ಇಲ್ಲಿ ರುಜು ಅಲ್ಲ, 'ಸರಿ' ಅಂತ. ಹಳೇ ಪತ್ರ ಬರಹಗಾರರ ಭಾಷೆ, ನನಗೆ ಇಷ್ಟ ಅಂತ ಇಟ್ಟಿದ್ದೇನೆ. ನೀವು ಸರಳವಾಗಿ ಬರೆದರೂ ನಡೆಯುತ್ತದೆ. ಆದರೆ ಎರಡು ಮಾತು ಮಾತ್ರ ಬಿಡಬೇಡಿ.

ಒಂದು, 'ತಾವು ಕೇಳಿದಾಗ'. ಇದೇ ಆನ್ ಡಿಮ್ಯಾಂಡ್. ಇದರ ಬದಲು 'ಆರು ತಿಂಗಳ ಮೇಲೆ ಕೊಡುತ್ತೇನೆ' ಎಂದು ಬರೆದರೆ ಅದು ವಾಯಿದೆ ನೋಟು. ತಪ್ಪಲ್ಲ, ಆದರೆ ಅದರ ಸ್ಟಾಂಪ್ ಲೆಕ್ಕ ಮೊತ್ತದ ಮೇಲೆ ಏರುತ್ತದೆ. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅದಕ್ಕೆ ಸಾಲುವುದಿಲ್ಲ. ಆರು ತಿಂಗಳ ಮಾತು ಬಾಯಲ್ಲಿರಲಿ. ಕಂತು, ವಾಯಿದೆ ಎಲ್ಲವೂ ಬರಹದಲ್ಲೇ ಬೇಕು ಎಂದರೆ ಪ್ರೋನೋಟು ಬಿಟ್ಟು ಛಾಪಾ ಕಾಗದದ ಮೇಲೆ ಸಾಲದ ಕರಾರು ಮಾಡಿಕೊಳ್ಳಿ.

ಎರಡು, 'ತಮ್ಮ ಆರ್ಡರ್ ಪಡೆದವರಿಗಾಗಲಿ'. ಸುಮ್ನೆ ಸಂಪ್ರದಾಯಕ್ಕೆ ಬರೆಯುತ್ತಾರೆ ಅಂದುಕೊಂಡಿದ್ದೆ. ಅಲ್ಲ. ಸ್ಟಾಂಪ್ ಕಾನೂನಿನಲ್ಲಿ 'ಬಾಂಡ್' ಎಂಬ ಇನ್ನೊಂದು ಪ್ರಾಣಿ ಇದೆ: ಸಾಕ್ಷಿಗಳ ರುಜು ಇದ್ದು, ಆರ್ಡರಿಗಾಗಲಿ ತಂದವರಿಗಾಗಲಿ ಸಲ್ಲದ ಸಾಲದ ಬರಹ. ಅದಕ್ಕೆ ಸ್ಟಾಂಪ್ ಜಾಸ್ತಿ. ಆರ್ಡರ್ ಮಾತು ಬಿಟ್ಟು ಸಾಕ್ಷಿ ಹಾಕಿಸಿದ ನೋಟು ಸಿಕ್ಕರೆ, 'ಇದು ಪ್ರೋನೋಟಲ್ಲ, ಬಾಂಡು' ಎಂದು ಎದುರು ವಕೀಲರು ತಕರಾರು ಎತ್ತುತ್ತಾರೆ. ಒಂದು ಪದದಲ್ಲಿ ಮುಗಿಯುವ ಜಗಳ.

ಹಾಗಾದರೆ 'ಈ ನೋಟು ತಂದವರಿಗೆ ಕೊಡುತ್ತೇನೆ' ಎಂದೇ ಬರೆದರೆ? ಬರೆಯುವ ಹಾಗಿಲ್ಲ. ತಂದವರಿಗೆ ಹಣ ಕೊಡುವ ಪ್ರಾಮಿಸರಿ ನೋಟನ್ನು ರಿಸರ್ವ್ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರ ಬಿಟ್ಟು ಬೇರೆ ಯಾರೂ ಹೊರಡಿಸುವಂತಿಲ್ಲ ಎನ್ನುತ್ತದೆ 1934ರ ರಿಸರ್ವ್ ಬ್ಯಾಂಕ್ ಕಾಯ್ದೆ. ಜೇಬಿನಲ್ಲಿರುವ ನೂರರ ನೋಟು ತೆಗೆದು ನೋಡಿ, ಗವರ್ನರ್ ರುಜುವಿನ ಮೇಲೆ ಇರುವುದು ಅದೇ ಮಾತು.

ಸ್ಟಾಂಪು

ಆನ್ ಡಿಮ್ಯಾಂಡ್ ನೋಟಿಗೆ ಸ್ಟಾಂಪ್ ಸುಂಕ ಇರುವುದು ಪೈಸೆಗಳಲ್ಲಿ. ಹತ್ತು ಸಾವಿರವಿರಲಿ, ಹತ್ತು ಲಕ್ಷವಿರಲಿ, ಒಂದು ರೂಪಾಯಿಯ ಒಂದು ರೆವಿನ್ಯೂ ಸ್ಟಾಂಪ್ ಧಾರಾಳ. ಅಂಚೆ ಕಚೇರಿಯಲ್ಲಿ ಕೇಳಿ. ಕೆಲವರು ಭದ್ರತೆಗೆ ಅಂತ ನಾಲ್ಕು ಅಂಟಿಸುತ್ತಾರೆ. ಅದರಿಂದ ಬಲವೇನೂ ಹೆಚ್ಚುವುದಿಲ್ಲ.

ಸ್ಟಾಂಪು ಇಲ್ಲದೇ ಹೋದರೆ ಮಾತ್ರ ಕಥೆ ಮುಗಿಯಿತು. ಬೇರೆ ಎಷ್ಟೋ ಪತ್ರಗಳಿಗೆ ಆಮೇಲೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬಹುದು. ಪ್ರೋನೋಟಿಗೆ ಆ ದಾರಿ ಇಲ್ಲ, ದಂಡ ಕಟ್ಟುತ್ತೇನೆ ಅಂದರೂ ಕೋರ್ಟ್ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆಮೇಲೆ ನೆನಪಾಗಿ ಅಂಟಿಸಿದರೂ ಪ್ರಯೋಜನವಿಲ್ಲ, ರುಜು ಹಾಕುವ ಮುನ್ನವೋ ಆ ಹೊತ್ತಿಗೋ ಸ್ಟಾಂಪ್ ಇರಬೇಕು.

ಅಂಟಿಸಿದರಷ್ಟೇ ಸಾಲದು, ಅದನ್ನು ಮತ್ತೆ ಬಳಸಲಾಗದಂತೆ ರದ್ದು ಮಾಡಬೇಕು. ಅದಕ್ಕೇ ರುಜು ಸ್ಟಾಂಪಿನ ಮೇಲೆ ಹಾಯಬೇಕು. ಮೊದಲ ಅಕ್ಷರ ಕಾಗದದ ಮೇಲೆ, ನಡುವಿನದು ಸ್ಟಾಂಪಿನ ಮೇಲೆ, ಕೊನೆಯದು ಮತ್ತೆ ಕಾಗದದ ಮೇಲೆ. ಅಂಟು ಒಣಗಲು ಎರಡು ನಿಮಿಷ ಬಿಡಿ. ಬಾಲ್ ಪೆನ್ನೇ ವಾಸಿ, ಇಂಕ್ ಪೆನ್ನಿನದು ಸ್ಟಾಂಪಿನ ಮೇಲೆ ಕಲಸಿಹೋಗುತ್ತದೆ.

ರುಜು, ಸಾಕ್ಷಿ, ಖಾಲಿ ಹಾಳೆ

ಸಾಕ್ಷಿ ಇರಲೇಬೇಕು ಎಂದು ಕಾನೂನು ಹೇಳುವುದಿಲ್ಲ. ಆದರೆ 'ಇದು ನನ್ನ ರುಜುವೇ ಅಲ್ಲ' ಎಂಬ ಮಾತು ಬಂದ ದಿನ ಸಾಕ್ಷಿ ಬೇಕಾಗುತ್ತದೆ. ಎರಡು ಕಡೆಯವರಿಗೂ ಗೊತ್ತಿರುವ, ಊರಲ್ಲೇ ಇರುವ, ಸಾಲಗಾರರಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನವರನ್ನು ಹಾಕಿಸಿ. ವಯಸ್ಸಿನ ಮಾತು ತಮಾಷೆಗೆ ಹೇಳಿದ್ದಲ್ಲ.

ಓದು ಬಾರದವರಾದರೆ ಎಡಗೈ ಹೆಬ್ಬೆಟ್ಟು. ಓದಿ ಹೇಳಿದ್ದೇನೆ, ಕೇಳಿ ಒಪ್ಪಿದ್ದಾರೆ ಎಂದು ಬಿಕ್ಕಲಂ ಹಾಕುವವರು ಒಂದು ಸಾಲು ಬರೆಯಲಿ. ಕನ್ನಡ ಮಾತ್ರ ಬಲ್ಲವರ ಕೈಲಿ ಇಂಗ್ಲಿಷ್ ನಮೂನೆಗೆ ರುಜು ಹಾಕಿಸುವ ಚಾಳಿ ಪೇಟೆಗಳಲ್ಲಿದೆ. ನೀವು ಕೊಡುವವರಾದರೂ ಇದನ್ನು ಮಾಡಬೇಡಿ, ನಾಳೆ ನಿಮಗೇ ಉರುಳು. ಹದಿನೆಂಟು ತುಂಬದವರಿಂದ ಬರೆಸಿಕೊಂಡರೆ ಅವರು ಹೊಣೆಯಾಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಪಡೆದ ಸಾಲವಾದರೆ 'ಜಂಟಿಯಾಗಿಯೂ ಪ್ರತ್ಯೇಕವಾಗಿಯೂ' ಎಂಬ ಪದ ಸೇರಿಸಿ.

ಸಾಲ ಪಡೆಯುವವರು ಇದೊಂದನ್ನು ಎರಡು ಸಲ ಓದಿ. ಸ್ಟಾಂಪ್ ಅಂಟಿಸಿದ ಖಾಲಿ ಹಾಳೆಗೆ ರುಜು ಹಾಕಿಕೊಟ್ಟರೆ, ಅದನ್ನು ತುಂಬಿಕೊಳ್ಳುವ ಅಧಿಕಾರವನ್ನೇ ಕೊಟ್ಟ ಹಾಗೆ. 1881ರ ಆಕ್ಟಿನ ಸೆಕ್ಷನ್ 20 ಇರುವುದೇ ಅದಕ್ಕೆ. ಎಷ್ಟು ಮೊತ್ತದವರೆಗೆ? ಆ ಸ್ಟಾಂಪ್ ಎಷ್ಟಕ್ಕೆ ಸಾಲುತ್ತದೋ ಅಷ್ಟರವರೆಗೆ. ಒಂದು ರೂಪಾಯಿ ಸ್ಟಾಂಪ್ ಹತ್ತು ಲಕ್ಷಕ್ಕೂ ಸಾಲುತ್ತದೆ ಅಂತ ಈಗ ತಾನೇ ನೋಡಿದೆವು, ಅಲ್ವಾ? 'ನಾನು ಪಡೆದದ್ದು ಐವತ್ತೇ ಸಾವಿರ' ಎಂದು ಆಮೇಲೆ ಸಾಬೀತು ಮಾಡುವ ಹೊರೆ ನಿಮ್ಮ ತಲೆ ಮೇಲೆ ಬೀಳುತ್ತದೆ. ಅಂಕಿಯ ಮುಂದೆ ಹಿಂದೆ ಜಾಗ ಬಿಡಬೇಡಿ. ಅಕ್ಷರದಲ್ಲಿ ಮೊತ್ತವನ್ನು ಸಾಧ್ಯವಾದರೆ ನೀವೇ ಬರೆಯಿರಿ. ಮೊಬೈಲಿನಲ್ಲಿ ಎರಡೂ ಕಡೆಯ ಫೋಟೋ ತೆಗೆದುಕೊಳ್ಳಿ.

ಕೊಟ್ಟವರಿಗೂ ಒಂದು ಎಚ್ಚರಿಕೆ. ಬರೆದಾದ ಮೇಲೆ ತಾರೀಖು, ಮೊತ್ತ, ಬಡ್ಡಿ ಯಾವುದನ್ನೂ ಸಾಲಗಾರರ ಒಪ್ಪಿಗೆಯಿಲ್ಲದೆ ತಿದ್ದಬೇಡಿ. ನೋಟೇ ಅಸಿಂಧುವಾಗುತ್ತದೆ. ತಪ್ಪಾದರೆ ಹೊಸ ಹಾಳೆ, ಹೊಸ ಸ್ಟಾಂಪ್.

ಹಿಂಭಾಗ

ಈಗ ನಮ್ಮ ತಂದೆಯ ನೋಟಿಗೆ ಬರೋಣ.

1963ರ ಲಿಮಿಟೇಶನ್ ಆಕ್ಟ್ ಪ್ರಕಾರ ಆನ್ ಡಿಮ್ಯಾಂಡ್ ನೋಟಿನ ಮೇಲೆ ದಾವೆ ಹೂಡಲು ಮೂರು ವರ್ಷ. ಎಣಿಕೆ ಶುರುವಾಗುವುದು ನೀವು ಹಣ ಕೇಳಿದ ದಿನದಿಂದ ಅಲ್ಲ, ನೋಟಿನ ತಾರೀಖಿನಿಂದ. 'ನಾನು ಕೇಳೇ ಇಲ್ಲವಲ್ಲ, ಇನ್ನೂ ಮೂರು ವರ್ಷ ಇದೆ' ಅಂದುಕೊಳ್ಳುವವರು ತುಂಬಾ ಜನ. ನಮ್ಮ ತಿಪಟೂರಿನ ನೋಟು 01-03-2025ರದ್ದು. 01-03-2028 ದಾಟಿದರೆ ಹೋಯಿತು.

ಈ ಗಡುವನ್ನು ಮತ್ತೆ ಮೂರು ವರ್ಷ ತಳ್ಳಲು ಎರಡು ದಾರಿ. ಎರಡೂ ಹಳೆ ಗಡುವು ಮುಗಿಯುವ ಮುನ್ನವೇ ಆಗಬೇಕು. ಸಾಲ ಇನ್ನೂ ಬಾಕಿ ಇದೆ ಎಂದು ಸಾಲಗಾರರು ಬರೆದು ರುಜು ಹಾಕುವುದು ಒಂದು. ಬಡ್ಡಿಗೋ ಅಸಲಿಗೋ ಸ್ವಲ್ಪ ಹಣ ಕೊಟ್ಟು, ಹಾಗೆ ಕೊಟ್ಟದ್ದಕ್ಕೆ ಬರಹ ಇರುವುದು ಇನ್ನೊಂದು. ಆ ಬರಹ ಹಣ ಕೊಟ್ಟವರ ಕೈಬರಹದಲ್ಲಿರಬೇಕು, ಇಲ್ಲವೇ ಅದಕ್ಕೆ ಅವರ ರುಜು ಇರಬೇಕು. ಪಡೆದವರ ರುಜುವಿಗೆ ಇಲ್ಲಿ ಬೆಲೆ ಇಲ್ಲ. ನಮ್ಮ ತಂದೆ ಬರೆದ ಹನ್ನೊಂದು ಸಾಲುಗಳಲ್ಲಿ ಒಂದೂ ಲೆಕ್ಕಕ್ಕೆ ಬರದೇ ಹೋದದ್ದು ಇದಕ್ಕೇ. ರಸೀದಿ ಅಂದರೆ ಹಣ ಪಡೆದವರು ಬರೆಯುವುದು ಅನ್ನುವ ಅಭ್ಯಾಸ ಬಲ ನಮಗೆ.

ನೋಟಿನ ಹಿಂದೆ ಬರೆಯುವ ಈ ಟಿಪ್ಪಣಿ, ಅಂದರೆ ಷರಾ, ಹೀಗೆ ಇರಲಿ:

> ದಿನಾಂಕ 01-09-2025ರಂದು ಈ ನೋಟಿನ ಬಡ್ಡಿ ಮತ್ತು ಅಸಲಿನ ಬಾಬ್ತು ರೂ. 30,000/- (ಮೂವತ್ತು ಸಾವಿರ ರೂಪಾಯಿ) ಕೊಟ್ಟಿರುತ್ತೇನೆ. ಅಸಲು ಬಾಕಿ ರೂ. 1,82,000/-.
> (ಸಾಲಗಾರರ ರುಜು)

ಲೆಕ್ಕ ಹೇಗೆ ಬಂತು? ಎರಡು ಲಕ್ಷಕ್ಕೆ ವರ್ಷಕ್ಕೆ 12ರಂತೆ ತಿಂಗಳಿಗೆ 2,000. ಆರು ತಿಂಗಳಿಗೆ 12,000. ಬೇರೆ ಮಾತು ಆಗಿರದಿದ್ದರೆ ಬಂದ ಹಣ ಮೊದಲು ಬಡ್ಡಿಗೆ ವಜಾ. ಉಳಿದ 18,000 ಅಸಲಿಗೆ. ಬಾಕಿಯನ್ನು ಷರಾದಲ್ಲೇ ಬರೆದಿಟ್ಟರೆ ಮುಂದಿನ ಸಲ ಲೆಕ್ಕದ ಜಗಳ ಇಲ್ಲ. ಈ ಷರಾದಿಂದ ಗಡುವು 01-09-2028ಕ್ಕೆ ಹೋಯಿತು. ಹಣ ಯುಪಿಐನಲ್ಲಿ ಬಂದರೂ ಷರಾ ಹಾಕಿಸುವುದು ಬಿಡಬೇಡಿ.

ಎರಡೂವರೆ ವರ್ಷಕ್ಕೆ ಮೊಬೈಲಿನಲ್ಲಿ ಒಂದು ರಿಮೈಂಡರ್ ಇಟ್ಟುಕೊಳ್ಳಿ. ಆ ದಿನ ಒಂದು ಸಾವಿರ ರೂಪಾಯಿ ತೆಗೆದುಕೊಂಡಾದರೂ ಷರಾ ಹಾಕಿಸಿ. ಇಲ್ಲವೇ ಹಳೇದನ್ನು ವಾಪಸ್ ಕೊಟ್ಟು ಹೊಸ ನೋಟು ಬರೆಸಿಕೊಳ್ಳಿ. ಕೇಳಲು ಸಂಕೋಚ ಆಗುತ್ತದೆ, ನಿಜ. 'ಲೆಕ್ಕ ಹೊಸದು ಮಾಡಿಕೊಳ್ಳೋಣ ಭಾವ' ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊಡದೇ ಹೋದರೆ

ಪೊಲೀಸ್ ಠಾಣೆಗೆ ಹೋಗಿ ಪ್ರಯೋಜನವಿಲ್ಲ. ಬರೀ ನೋಟಿನ ಬಾಕಿ ಸಿವಿಲ್ ವಿಷಯ. ಚೆಕ್ ಬೌನ್ಸಿಗೆ ಇರುವ ಸೆಕ್ಷನ್ 138 ಇದಕ್ಕೆ ಬರುವುದಿಲ್ಲ.

ಮೊದಲು ವಕೀಲರಿಂದ ಒಂದು ನೋಟಿಸು, ತಲುಪಿದ್ದಕ್ಕೆ ಪುರಾವೆ ಸಿಗುವ ಅಂಚೆಯಲ್ಲಿ. ಅದರಲ್ಲಿ ನೋಟಿನ ತಾರೀಖು, ಬಂದ ಹಣ, ಬಾಕಿ, ಕೊಡಲು ಗಡುವು. ಅರ್ಧಕ್ಕರ್ಧ ಜಗಳ ಇಲ್ಲೇ ರಾಜಿಗೆ ಬರುತ್ತವೆ ಎಂದು ನಮ್ಮ ವಕೀಲರ ಅಂಬೋಣ. ನೋಟಿಸು ಕಳಿಸಿದರೆ ಮೂರು ವರ್ಷದ ಗಡುವು ಮುಂದೆ ಹೋಗುವುದಿಲ್ಲ, ನೆನಪಿರಲಿ.

ಆಮೇಲೆ ದಾವೆ. ಪ್ರೋನೋಟಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆರ್ಡರಿನಲ್ಲಿ ಸಮರಿ ದಾವೆ ಎಂಬ ಚುರುಕು ದಾರಿ ಇದೆ. ಸಮನ್ಸ್ ಮುಟ್ಟಿದ ಹತ್ತು ದಿನದಲ್ಲಿ ಎದುರಿನವರು ಹಾಜರಿ ಹಾಕಬೇಕು, ಆಮೇಲೆ ವಾದ ಮಾಡಲು ಕೋರ್ಟಿನ ಅನುಮತಿ ಕೇಳಬೇಕು. ಸುಮ್ಮನೆ ಎಳೆದಾಡಲು ಜಾಗ ಕಡಿಮೆ. ಅಸಲು ನೋಟೇ ಬೇಕು, ಜೆರಾಕ್ಸ್ ನಂಬಿಕೊಂಡು ಹೋಗಬೇಡಿ. ಹಾಗಾಗಿ ಮಡಚದೆ ಪ್ಲಾಸ್ಟಿಕ್ ಕವರಿನಲ್ಲಿಡಿ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಿಂಭಾಗದಲ್ಲಿ ಷರಾ ಬರೆಯುವುದು ಹೇಗೆ?

ಸಾಲಗಾರರು ತೀರಿಕೊಂಡರೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ವಾರಸುದಾರರು ಹೊಣೆ. ಕೊಟ್ಟವರೇ ತೀರಿಕೊಂಡರೆ ಮಕ್ಕಳು ಕೋರ್ಟಿನಿಂದ ಡಿಕ್ರಿ ಪಡೆಯಲು ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು. ಮನೆಯಲ್ಲಿ ಒಬ್ಬರಿಗಾದರೂ ಟ್ರಂಕಿನಲ್ಲಿ ಏನಿದೆ ಅಂತ ಗೊತ್ತಿರಲಿ.

ಹರಿಯುವುದು

ಪೂರ್ತಿ ಹಣ ಕೊಟ್ಟ ದಿನವೇ ನೋಟನ್ನು ವಾಪಸ್ ಪಡೆಯುವುದು ಸಾಲಗಾರರ ಹಕ್ಕು. 'ಎಲ್ಲೋ ಇಟ್ಟಿದ್ದೀನಿ, ಆಮೇಲೆ ಕೊಡ್ತೀನಿ' ಅಂದರೆ ಕೊನೆಯ ಕಂತನ್ನೂ ಆಮೇಲೆಯೇ ಕೊಡಿ. ನಿಜವಾಗಿಯೂ ಕಳೆದಿದ್ದರೆ 'ಚುಕ್ತಾ ಆಗಿದೆ, ನೋಟು ಸಿಕ್ಕರೂ ರದ್ದು' ಎಂದು ಬರೆಸಿ ರುಜು ಹಾಕಿಸಿಕೊಳ್ಳಿ. ಕೈಗೆ ಬಂದದ್ದು ಅಸಲೋ ಬಣ್ಣದ ಜೆರಾಕ್ಸೋ ನೋಡಿ. ಸ್ಟಾಂಪಿನ ಅಂಚಿನ ಮೇಲೆ ಉಗುರು ಆಡಿಸಿದರೆ ಗೊತ್ತಾಗುತ್ತದೆ.

ನಮ್ಮ ತಂದೆಯ ಸ್ನೇಹಿತರ ವಿಷಯ ಹೇಳದೇ ಬಿಟ್ಟೆ. ಗಡುವು ಮೀರಿದ ಸಾಲವನ್ನೂ ಕೊಡುತ್ತೇನೆ ಎಂದು ಸಾಲಗಾರರು ಹೊಸದಾಗಿ ಬರೆದು ರುಜು ಹಾಕಿದರೆ ಅದಕ್ಕೆ ಜೀವ ಬರುತ್ತದೆ. 1872ರ ಕಾಂಟ್ರ್ಯಾಕ್ಟ್ ಆಕ್ಟಿನ ಸೆಕ್ಷನ್ 25ರಲ್ಲಿ ಆ ಅವಕಾಶ ಇದೆ. ಬಲವಂತ ಮಾಡುವಂತಿಲ್ಲ, ಕೇಳಬಹುದು ಅಷ್ಟೇ. ತಂದೆ ಕೇಳಿದರು. ಅವರು ನಕ್ಕು, "ಅದಕ್ಕೇನಂತೆ" ಅಂತ ಬಾಕಿಗೆ ಹೊಸ ನೋಟು ಬರೆದುಕೊಟ್ಟರು. ಈ ಸಲ ಪ್ರತಿ ಷರಾಕ್ಕೂ ಅವರದೇ ರುಜು. ಒಂದೂವರೆ ವರ್ಷಕ್ಕೆ ಚುಕ್ತಾ ಆಯಿತು. ತಂದೆ ಟ್ರಂಕಿನಿಂದ ಎರಡೂ ನೋಟು ತೆಗೆದು, ಸ್ಟಾಂಪಿನ ನಡುವೆ ರುಜು ಸೀಳುವ ಹಾಗೆ ಹರಿದು ಅವರ ಕೈಗಿಟ್ಟರು. ಅವರು ಚೂರುಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡು, ಕಾಫಿ ಕುಡಿದು ಹೋದರು.